ಮಗುಚಿದ ಮೀನು

ಯಿಪ್ ಕ್ವೊಕ್-ಹೇಯ್ ಹುಟ್ಟಿದ್ದು ಹಾಂಗ್‌ಕಾಂಗಿನ ಅಬರ್ಡೀನ್ ಬಂದರಿನಲ್ಲಿ, ದೋಣಿಯ ಮೇಲೆ. ಹೊಟ್ಟೆ ಹೊರೆದದ್ದು ಮಾತ್ರ ಲಿಫ್ಟ್ ರಿಪೇರಿಯಿಂದ. ೧೯೯೭ರ ಜುಲೈ ಒಂದರಂದು ಊರು ಬ್ರಿಟಿಷರಿಂದ ಚೀನಾದ ಕೈಸೇರುವುದೆಂದು ನಿಶ್ಚಯವಾಗಿತ್ತು. ೧೯೮೯ರ ಜುಲೈಯಲ್ಲಿ ಸಿಂಗಪುರವು ಹಾಂಗ್‌ಕಾಂಗಿನ ಕುಶಲ ಕೆಲಸಗಾರರಿಗೆ ಬಾಗಿಲು ತೆರೆದಾಗ ಅರ್ಜಿಗಾಗಿ ಸಾಲಿನಲ್ಲಿ ನಿಂತವಳು ಅವನ ಹೆಂಡತಿ ಸುಕ್-ಫನ್. ನವೆಂಬರಿನಲ್ಲಿ ಒಪ್ಪಿಗೆಯೂ ಬಂದಿತು: ಐದು ವರ್ಷದೊಳಗೆ ಹೋದರೆ ಕಾಯಂ ವಾಸದ ಹಕ್ಕು.

"ನೋಡೋಣ" ಎನ್ನುತ್ತಲೇ ಕ್ವೊಕ್-ಹೇಯ್ ಆ ಅವಧಿಯನ್ನೆಲ್ಲ ಸವೆಸಿದನು. ವಿಧವೆ ತಾಯಿಯನ್ನು ಬಿಟ್ಟು ಹೋಗಲು ಅವನಿಗೆ ಕಾಲೇಳದು. ಆಕೆಯೋ ಮನೆಯೇ ಆಗಿದ್ದ ದೋಣಿ ಬಿಟ್ಟು ಕದಲಳು.

"ವಿಮಾನನಾ? ನನ್ನ ಹೆಣ ಹತ್ತುತ್ತೆ! ನೀವು ಹೊರಡ್ರೋ."

ಕೊನೆಗೆ ಸುಕ್-ಫನ್ ಟಿಕೆಟ್ ತಂದೇಬಿಟ್ಟಳು. ೧೯೯೪ರ ಅಕ್ಟೋಬರ್ ೧೬, ಭಾನುವಾರ, ಗೆಳೆಯರು ಬೀಳ್ಕೊಡುಗೆಯ ಊಟ ಹಾಕಿದರು. ಹಬೆಯಲ್ಲಿ ಬೇಯಿಸಿದ ಇಡೀ ಮೀನು ಬಂದಿತು. ದೋಣಿಯ ಜನ ಮೇಲ್ಭಾಗ ತಿಂದಾದ ಮೇಲೆ ನಡುಮುಳ್ಳನ್ನು ಎತ್ತಿಟ್ಟು ಕೆಳಭಾಗ ತಿನ್ನುತ್ತಾರೆ. ಮೀನನ್ನು ಮಗುಚಿದರೆ ದೋಣಿ ಮಗುಚಿದಂತೆ. ಕ್ವೊಕ್-ಹೇಯ್ ಊಟದ ಕಡ್ಡಿಗಳನ್ನು ಕೆಳಗೆ ತೂರಿಸಿ, ದೋಸೆ ತಿರುವಿದ ಹಾಗೆ, ಮೀನನ್ನು ಮಗುಚಿಬಿಟ್ಟನು.



"ಅಯ್ಯೋ, ಅಪಶಕುನ ಆಗೋಯ್ತಲ್ಲ," ಎಂದನು ಅವನು, ಯಾರ ಮುಖವನ್ನೂ ನೋಡದೆ. "ಪ್ರಯಾಣ ಬೇಡ ಬಿಡೇ."

"ಹುಟ್ಟಿದಾಗಿಂದ ಮುಳ್ಳೆತ್ತಿ ತಿಂದೋರಿಗೆ ಇವತ್ತೇ ಕೈ ಜಾರ್ತೇನ್ರೀ?" ಸುಕ್-ಫನ್ ಕಣ್ಣಲ್ಲಿ ನೀರಾಡಿತು.

ತಾಯಿ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಲೋ ಪೆದ್ದ, ಮೀನು ಮಗುಚಿದ್ರೆ ಮುಳುಗೋದು ದೋಣಿ. ನೀವಿಬ್ರೂ ಹೋಗೋದು ವಿಮಾನದಲ್ಲಿ. ದೋಣೀಲಿ ಉಳಿಯೋಳು ಯಾರು?"

ಕ್ವೊಕ್-ಹೇಯ್ ಬೆಪ್ಪಾದನು. "ಅಮ್ಮಾ, ನಾನು ಅಷ್ಟು ಯೋಚನೆ…"

"ಹೆತ್ತೋಳನ್ನೇ ಮುಳುಗಿಸ್ತಿದ್ದಲ್ಲೋ! ಇನ್ನು ಆ ದೋಣೀಲಿ ನಾನಿರಲ್ಲಪ್ಪ. ಸುಕ್-ಫನ್, ನಿಮ್ಮ ವಿಮಾನದಲ್ಲಿ ಕಿಟಕಿ ಪಕ್ಕ ಸೀಟು ಸಿಗುತ್ತಾ?"

ಗದರುವ ಮುದುಕಿಯ ಕಣ್ಣು ಮಾತ್ರ ನಗುತ್ತಿತ್ತು. ಇಂಥದೊಂದು ನೆಪಕ್ಕಾಗಿ ಆಕೆ ಎಂದಿನಿಂದ ಕಾದಿದ್ದಳೋ! ನವೆಂಬರ್ ೬ರಂದು ಮೂವರೂ ಹೊರಟರು. ಕಿಟಕಿ ಆಕೆಗೇ ಸಿಕ್ಕಿತು.

೧೯೯೭ರ ಜುಲೈ ಒಂದು, ಮಂಗಳವಾರ ಸಂಜೆ, ಸಿಂಗಪುರದ ಮನೆಯಲ್ಲಿ ಟೀವಿಯೊಳಗೆ ಹಾಂಗ್‌ಕಾಂಗಿನ ಹೊಸ ಬಾವುಟ ಹಾರುತ್ತಿತ್ತು; ಮೇಜಿನ ಮೇಲೆ ಹಬೆಯಾಡುವ ಮೀನು. ಮೇಲ್ಭಾಗ ಖಾಲಿಯಾಯಿತು.

"ಈಗ ನಮಗೆ ದೋಣಿ ಇಲ್ವಲ್ಲಮ್ಮ. ಮಗುಚಲಾ?"

ತಾಯಿ ತನ್ನ ಕಡ್ಡಿಯಿಂದ ಮಗನ ಕಡ್ಡಿಗೊಂದು ಏಟು ಕೊಟ್ಟಳು.

"ಅಲ್ಲಿ ನಮ್ಮೋರ ದೋಣಿಗಳಿವೆಯಲ್ಲೋ. ಮುಳ್ಳೆತ್ತು."