ನಂದಿದುರ್ಗ ಲೈನಿನ ಕೊಳಾಯಿ ಅತ್ತೆ

ಕೊಡ ಹೊತ್ತು ಹೊತ್ತು ಅವಳ ಎಡಸೊಂಟ ಜಡ್ಡುಗಟ್ಟಿತ್ತು. ಬರಿಗೈಯಲ್ಲಿ ನಡೆದರೂ ಒಂದು ಕಡೆಗೆ ವಾಲಿಕೊಂಡೇ ನಡೆಯುತ್ತಿದ್ದಳು. ಇಡೀ ಲೈನಿಗೆ ಅವಳು ಕೊಳಾಯಿ ಅತ್ತೆ. ನಮಗೂ ಅವಳಿಗೂ ರಕ್ತಸಂಬಂಧವೇನಿಲ್ಲ, ಎರಡು ಮನೆಗೂ ಒಂದೇ ಗೋಡೆ, ಅಷ್ಟೆ. ನಂದಿದುರ್ಗದ ಚಿನ್ನದ ಗಣಿ ಲೈನಿನಲ್ಲಿ ಸಂಬಂಧ ಹುಟ್ಟಲು ಅಷ್ಟು ಸಾಕಾಗಿತ್ತು.

ಲೈನು ಅಂದರೆ ಸಾಲಾಗಿ ಅಂಟಿಕೊಂಡ ಗಣಿ ಕೂಲಿಗಳ ಪುಟ್ಟ ಮನೆಗಳು. ಸಾಲಿಗೆಲ್ಲ ಒಂದೇ ಕೊಳಾಯಿ. ಬೇತಮಂಗಲದ ಕೆರೆಯ ನೀರು ಬೆಳಗಿನ ಜಾವ ಬರುತ್ತಿತ್ತು, ಬಂದರೆ. ಗಾಳಿ ಎದ್ದರೆ ಚಿನ್ನ ತೆಗೆದು ಸುರಿದ ಮಣ್ಣಿನ ಸಯನೈಡ್ ದಿಬ್ಬದ ಪುಡಿ ಅನ್ನದ ತಟ್ಟೆಗೇ ಬೀಳುತ್ತಿತ್ತು. ಚರಂಡಿಯಲ್ಲಿ ಹಂದಿ, ಕಟ್ಟೆಯ ಮೇಲೆ ಕುಡುಕರು, ಕನ್ನಡ ತಮಿಳು ತೆಲುಗು ಮೂರರಲ್ಲೂ ಬೈಗುಳ. ಅದನ್ನು ಸ್ವರ್ಗ ಅಂತ ನಾನು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಅತ್ತೆಯ ಗಂಡ ಗಣಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿಯೇ ಸತ್ತ. ಮಕ್ಕಳಿರಲಿಲ್ಲ. ಆಮೇಲೆ ಅವಳಿಗೆ ಸಂಸಾರ ಅಂತ ಉಳಿದದ್ದು ಆ ಕೊಳಾಯಿ.

ರಾತ್ರಿಯೇ ಕೊಡಗಳನ್ನು ಸಾಲಿಗಿಟ್ಟು ಮಲಗುವುದು ನಮ್ಮಲ್ಲಿ ರೂಢಿ. ಬೆಳಗ್ಗೆ ಯಾರಾದರೂ ತಮ್ಮ ಕೊಡದ ಹಿಂದೆ ಬಂದು ನಿಲ್ಲದಿದ್ದರೆ ಅದನ್ನು ಪಕ್ಕಕ್ಕೆ ತಳ್ಳುವಂತಿರಲಿಲ್ಲ. ಮೊದಲು ಅವರ ಬಾಗಿಲು ಬಡಿದು, ಮನುಷ್ಯರ ಮುಖ ನೋಡಿ ಬರಬೇಕು. ಅಲ್ಲಿಯವರೆಗೆ ಸಾಲು ಮುಂದೆ ಹೋಗುವಂತಿಲ್ಲ. ಇದು ಅತ್ತೆಯ ಕಾನೂನು. ಹೊಸದಾಗಿ ಬಂದ ಹೆಂಗಸೊಬ್ಬಳು ಒಮ್ಮೆ ಗೊಣಗಿದಳು: "ಅಷ್ಟ್ರಲ್ಲಿ ನೀರು ನಿಂತೋದ್ರೆ?"

"ನೀರು ನಿಂತ್ರೆ ನಾಳೆ ಬತ್ತದೆ. ಉಸ್ರು ನಿಂತ್ರೆ ಬತ್ತದೇನೇ? ಪೋಡೀ!" ಎಂದು ಅತ್ತೆ ಗದರಿದಳು.

ಆ ಕಾನೂನಿನಿಂದಲೇ ನಾನು ಬದುಕಿದ್ದೇನೆ. ಮಾರ್ಗಶಿರದ ಚಳಿ, ಅಪ್ಪ ರಾತ್ರಿ ಪಾಳಿಗೆ ಗಣಿಗಿಳಿದಿದ್ದ. ಅಮ್ಮ ಇದ್ದಿಲ ಅಗ್ಗಿಷ್ಟಿಕೆಯನ್ನು ಒಳಗಿಟ್ಟುಕೊಂಡು, ಬಾಗಿಲು ಕಿಟಕಿ ಭದ್ರಮಾಡಿ, ನನ್ನನ್ನು ಅಪ್ಪಿ ಮಲಗಿದ್ದಳು. ಬೆಳಗ್ಗೆ ನಮ್ಮ ಕೊಡದ ಹಿಂದೆ ಯಾರೂ ಬರಲಿಲ್ಲ. ಅತ್ತೆ ಬಾಗಿಲು ಬಡಿದು, ಒಳಗಿಂದ ಸದ್ದು ಬರದ್ದಕ್ಕೆ ಒಡೆಸಿದಳಂತೆ, ಇದ್ದಿಲ ವಿಷಗಾಳಿ ಮನೆಯೆಲ್ಲ ತುಂಬಿತ್ತಂತೆ. ನನಗೆ ನೆನಪಿರುವುದು ಮುಖಕ್ಕೆ ಬಿದ್ದ ತಣ್ಣೀರು, ಬೀದಿಯಲ್ಲಿ ಕುಳಿತು ವಾಂತಿ ಮಾಡುತ್ತಿದ್ದ ಅಮ್ಮ, ಮುರಿದುಬಿದ್ದ ಬಾಗಿಲು.

"ಇದ್ಲು ಒಳಿಕ್ಕಂಡು ಬಾಗ್ಲು ಆಕ್ಕಂಡವ್ಳೆ! ತಲೇಲಿ ಏನೈತೆ, ಸಗಣೀನಾ? ಕೂಸು ಓಗಿದ್ರೆ ಏನೇ ಮಾಡ್ತಿದ್ದೆ?" ಎಂದು ಅತ್ತೆ ಅಮ್ಮನಿಗೆ ಬೈಯುತ್ತಲೇ ನನ್ನ ಅಂಗಾಲು ತಿಕ್ಕುತ್ತಿದ್ದಳು.

ಗಣಿ ಮುಚ್ಚಿತು. ಜನ ಚೆಲ್ಲಾಪಿಲ್ಲಿಯಾದರು. ಅಪ್ಪ ಅಮ್ಮ ತೀರಿಕೊಂಡರು, ನಾನು ಮದುವೆಯಾಗಿ ಬಂಗಾರಪೇಟೆ ಸೇರಿದೆ. ಈಚೆಗೆ ಲೈನು ಗುರುತೇ ಸಿಗದ ಹಾಗೆ ಬದಲಾಯಿತು. ಹೊಸಬರು ಎರಡೆರಡು ಮನೆ ಕೊಂಡು ಒಂದು ಮಾಡಿದರು. ಗ್ರಾನೈಟು, ಕಬ್ಬಿಣದ ಗೇಟು, ಆಳೆತ್ತರದ ಕಾಂಪೌಂಡು. ಹಂದಿಗಳೂ ಹೋದವು, ಬೈಗುಳವೂ ಹೋಯಿತು. ಕಾರು ನಿಲ್ಲಿಸಲು ಅಡ್ಡ ಅಂತ ಕೊಳಾಯಿಯನ್ನೂ ಕಿತ್ತು, ಮನೆಮನೆಗೆ ಪೈಪು ಎಳೆದರು. ಹೊಸ ಕಾಂಪೌಂಡುಗಳ ನಡುವೆ ಅತ್ತೆಯ ಹಳೇ ಮನೆಯೊಂದು ಸಿಕ್ಕಿಕೊಂಡಿತ್ತು.

ನಮ್ಮ ಮನೆಗೆ ಬಂದುಬಿಡು ಎಂದು ಕರೆಯದ ಸಲವಿಲ್ಲ. "ಇಲ್ಲಿ ನನ್ ಗಂಡನ ಉಸ್ರೈತೆ, ಬರಾಕಿಲ್ಲ ಓಗು" ಅನ್ನುತ್ತಿದ್ದಳು. ಕಡೆಯ ಸಲ ಹೋದಾಗ ನಲ್ಲಿ ತೋರಿಸಿ, "ಅಡಿಗೆಮನೆಗೇ ನೀರು ಬತ್ತದೆ ಕಣವ್ವಾ. ಯಾರ್ ಮೊಕಾನೂ ನೋಡಂಗಿಲ್ಲ" ಎಂದಳು. ರಾತ್ರಿ ಮಾತ್ರ ಕೊಡವನ್ನು ಹೊಸಿಲಿನಾಚೆ ಇಟ್ಟೇ ಮಲಗುತ್ತಿದ್ದಳು. ಬೆಳಗ್ಗೆ ಒಳಗೆ ತೆಗೆದುಕೊಳ್ಳುತ್ತಿದ್ದಳು. ಹೊಸಬರಿಗೆ ಅದು ಮುದುಕಿಯ ಅರಳುಮರಳು.

ಹೋದ ವರ್ಷ ಸತ್ತಳು. ನೀರು ಬರಲಿ ಎಂದು ನಲ್ಲಿ ತಿರುಗಿಸಿಟ್ಟು ಕಾಯುತ್ತ ಕುಳಿತವಳು ಗೋಡೆಗೆ ಒರಗಿದ ಹಾಗೇ ಹೋಗಿದ್ದಳು. ನೀರು ಬಿಟ್ಟದ್ದು ಮೂರನೆಯ ದಿನ. ಅದು ಅಡಿಗೆಮನೆ ತುಂಬಿ, ಬಾಗಿಲ ಕೆಳಗಿನಿಂದ ಹರಿದು, ಪಕ್ಕದವರ ಕಾರಿನಡಿ ನಿಂತಿತು. ಅವರು ಬಂದು ಬಾಗಿಲು ಬಡಿದದ್ದು ಜಗಳಕ್ಕೆ.

ಸುದ್ದಿ ತಿಳಿದು ನಾನು ಓಡಿದೆ. ಕೊಡ ಮೂರು ದಿನದಿಂದ ಹೊಸಿಲಿನಾಚೆ ಹಾಗೇ ಇತ್ತು. ಪಕ್ಕದ ಮನೆಯಾಕೆ ಕೆಟ್ಟವಳಲ್ಲ, ಪಾಪ, ಕಣ್ಣಲ್ಲಿ ನೀರಿತ್ತು. "ನಮಗೆ ಹೇಗೆ ಗೊತ್ತಾಗಬೇಕು ಮೇಡಂ? ಬಾಗಿಲು ಹಾಕಿತ್ತು" ಎಂದಳು.

ಸಿಟ್ಟು ನೆತ್ತಿಗೇರಿತು. ಅತ್ತೆಯ ಹಾಗೆ ಮೂರು ಭಾಷೆಯಲ್ಲೂ ಬೈಯಬೇಕು ಅಂತ ಬಾಯಿ ತೆರೆದೆ. "ಅವತ್ತು ನಮ್ಮ ಬಾಗಿಲೂ ಹಾಕಿತ್ತಮ್ಮಾ" ಎಂದಷ್ಟೇ ಬಂತು, ಮಿಕ್ಕದ್ದೆಲ್ಲ ಅಳು.