ಹೊಂಗೆಮರದ ನೆರಳಲ್ಲಿ ಅಮೆರಿಕ

ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಟವಳು ಆಟೋ ಸಿಗದೆ ಅರಸೀಕೆರೆಯ ನಮ್ಮ ಹಳೇ ಹೈಸ್ಕೂಲಿನ ಮುಂದೆ ನಿಂತಿದ್ದೆ. ಒಳಗೆ ಮೈದಾನದಲ್ಲಿ ಕ್ರೀಡಾಕೂಟಕ್ಕೆಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಗಾಳಿಗೆ ಆ ಪುಡಿ ಮೂಗಿಗೆ ಬಂದದ್ದೇ ತಡ, ಒಂದು ಸೀನು, ಸೀನಿನ ಹಿಂದೆಯೇ ಅಮೆರಿಕ ದೇಶ. ನಗಬೇಡಿ. ಸುಣ್ಣ ಎಂದರೆ ನಿಮಗೆ ಎಲೆ ಅಡಿಕೆ ನೆನಪಾಗಬಹುದು. ನನಗೆ ವರ್ಜೀನಿಯಾ ನೆನಪಾಗುತ್ತದೆ.

ಸಮಾಜ ಪಾಠಕ್ಕೆ ನಮಗೆ ಸರೋಜಮ್ಮ ಮಿಸ್ ಇದ್ದರು. ನಕ್ಷೆಯಿಲ್ಲದ ಇತಿಹಾಸ ಉಪ್ಪಿಲ್ಲದ ಸಾರು ಎನ್ನುತ್ತಿದ್ದರು. ಅಮೆರಿಕದ ಅಂತರ್ಯುದ್ಧದ ಪಾಠ ಬಂದ ದಿನ ಗೋಡೆಯ ನಕ್ಷೆ ಬಿಚ್ಚಿದರೆ, ದಕ್ಷಿಣದ ಭಾಗವನ್ನು ಇಲಿ ತಿಂದಿತ್ತು. "ಎಲ್ಲಿ ಹರೀಬೇಕು ಅಂತ ಇಲಿಗೂ ಗೊತ್ತು" ಎಂದು ನಕ್ಕು, ಒಂದು ಬುಟ್ಟಿ ಸುಣ್ಣದ ಪುಡಿ ತರಿಸಿ, ಇಡೀ ದೇಶವನ್ನು ಮೈದಾನದಲ್ಲಿ ಬರೆದು, ರಾಜ್ಯಕ್ಕೊಬ್ಬ ಹುಡುಗಿಯಂತೆ ಕೂರಿಸಿದರು. ನಾನು ವರ್ಜೀನಿಯಾ. ವರ್ಜೀನಿಯಾದ ಪಶ್ಚಿಮದ ಅಂಚಿನಲ್ಲಿ, ನನ್ನ ಮಗ್ಗುಲಿಗೇ, ದೊಡ್ಡಪ್ಪನ ಮಗಳು ನಾಗರತ್ನ.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಆ ವರ್ಷವೇ ಅಪ್ಪನಿಗೂ ದೊಡ್ಡಪ್ಪನಿಗೂ ಭಾಗವಾಗಿತ್ತು. ತೆಂಗಿನ ತೋಟಕ್ಕೆ ಬೇಲಿ, ಹಜಾರಕ್ಕೆ ಗೋಡೆ, ಕೊಬ್ಬರಿ ಅಟ್ಟಕ್ಕೂ ನಡುವೆ ತಡಿಕೆ. ಆ ಕಡೆಯವರೊಡನೆ ಮಾತಾಡಕೂಡದೆಂದು ಎರಡೂ ಕಡೆ ಅಪ್ಪಣೆ. ಒಂದೇ ಚಾಪೆಯಲ್ಲಿ ಮಲಗಿ ಬೆಳೆದ ನಾವಿಬ್ಬರು ಒಂದೇ ಬೆಂಚಿನಲ್ಲಿ ಬಾಯಿ ಹೊಲಿದುಕೊಂಡು ಕೂರುತ್ತಿದ್ದೆವು. ನನಗಂತೂ ಅನ್ನ ಸೇರುತ್ತಿರಲಿಲ್ಲ. ಇದು ಮಿಸ್ಸಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ತಿಳಿಯದು.

"ಈಗ ದಕ್ಷಿಣದ ರಾಜ್ಯಗಳು ಬೇರೆ ಆಗ್ತವೆ. ಎದ್ದು ಹೊಂಗೆಮರದ ಕೆಳಗೆ ಹೋಗಿ" ಎಂದರು ಮಿಸ್. ನಾವೋ, ಭಾಗ ಆಗುವುದನ್ನು ಕಣ್ಣಾರೆ ಕಂಡ ಊರಿನವರು. ಒಬ್ಬಳು ಕೈಯೆತ್ತಿ, "ಮಿಸ್, ಬಾವಿ ಯಾರ ಪಾಲಿಗೆ ಬಂತು?" ಎಂದಳು. ಪಂಚಾಯ್ತಿಗೆ ಯಾರು ಕೂತಿದ್ದರೆಂದು ಇನ್ನೊಬ್ಬಳಿಗೆ ಚಿಂತೆ. ದಕ್ಷಿಣದವರೆಲ್ಲ ಚಪ್ಪಲಿ, ಬುತ್ತಿ ಸಮೇತ ಎದ್ದು ಹೋದೆವು. ಮಧ್ಯಾಹ್ನದ ಬಿಸಿಲು, ನೆರಳಿದ್ದದ್ದು ಅಲ್ಲಿ ಮಾತ್ರ. ಮೊದಲು ಓಹಿಯೋ ಮೆಲ್ಲಗೆ ನಮ್ಮ ಕಡೆ ಜರುಗಿತು. ಹಿಂದೆಯೇ ಲಂಗ ಕೊಡವಿಕೊಂಡು ನ್ಯೂಯಾರ್ಕ್. ನೋಡನೋಡುತ್ತಾ ಉತ್ತರ ಖಾಲಿ.

"ನ್ಯೂಯಾರ್ಕ್, ನೀನ್ಯಾಕೆ ಎದ್ದೆ?"

"ತಲೆ ಸುಡ್ತೈತೆ ಮಿಸ್."

ಮಿಸ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ದನಿ ತಗ್ಗಿಸಿ, "ದಕ್ಷಿಣದೋರು ಬೇರೆ ಆಗಿದ್ದು ಮನುಷ್ಯರನ್ನ ಕೊಂಡು ಮಾರೋದು ನಿಲ್ಲಬಾರದು ಅಂತ. ಇವರು ನೆರಳಲ್ಲಿ ಕೂರೋಕೆ ಇನ್ಯಾರೋ ಬಿಸಿಲಲ್ಲಿ ದುಡೀತಿದ್ರು. ಈಗ ಹೇಳ್ರೇ, ಯಾರಿಗೆ ಬೇಕು ಆ ನೆರಳು?" ಎಂದರು. ಉತ್ತರದವರು ಒಬ್ಬೊಬ್ಬರಾಗಿ ಬಿಸಿಲಿಗೆ ಮರಳಿದರು.

ನಾಗರತ್ನ ಮಾತ್ರ ಕೂತಲ್ಲಿಂದ ಎದ್ದೇ ಇರಲಿಲ್ಲ. ವರ್ಜೀನಿಯಾದ ಪಶ್ಚಿಮದವರು ಒಪ್ಪದೆ ಉತ್ತರದ ಜೊತೆಗೇ ಉಳಿದು ಬೇರೆ ರಾಜ್ಯವಾದರೆಂದು ಹೇಳಿ, ಮಿಸ್ ಅವಳ ಜಾಗಕ್ಕೂ ನನ್ನ ಜಾಗಕ್ಕೂ ನಡುವೆ ಒಂದು ಗೆರೆ ಎಳೆದರು. ಯುದ್ಧ ಮುಗಿದು ನಾವೆಲ್ಲ ವಾಪಸು ಬಂದು ಕೂತೆವು. ಆ ಗೆರೆ ಹಾಗೇ ಉಳಿಯಿತು.

"ಇದನ್ನ ಅಳ್ಸಲ್ವಾ ಮಿಸ್?" ನಾಗರತ್ನ ಕೇಳಿದಳು.

"ಇಲ್ಲ ಕಣಮ್ಮ. ಇವತ್ತಿಗೂ ಎರಡು ರಾಜ್ಯಾನೇ."

"ಮತ್ತೆ, ಮಾತಾಡ್ತಾರಾ?"

ಮಿಸ್ ನಮ್ಮಿಬ್ಬರನ್ನೂ ನೋಡಿದರು. "ಗಡಿ ಅದರ ಪಾಡಿಗೆ ಅದಿದೆ. ಬಸ್ಸು ಅವುಗಳ ಪಾಡಿಗೆ ಓಡಾಡ್ತವೆ."

ನಾಗರತ್ನ ಬುತ್ತಿಯ ಮುಚ್ಚಳ ತೆಗೆದು ಗೆರೆ ದಾಟಿಸಿ ನನ್ನ ಕಡೆ ತಳ್ಳಿದಳು. ಅಕ್ಕಿರೊಟ್ಟಿ, ಕಾಯಿಚಟ್ನಿ. ದೊಡ್ಡಮ್ಮನ ಕೈರುಚಿ ಕಂಡು ತಿಂಗಳುಗಳೇ ಆಗಿದ್ದವು. ಅಳುತ್ತಲೇ ಅಷ್ಟನ್ನೂ ಮುಗಿಸಿದೆ.

ಮನೆಯ ಗೋಡೆ ಈಗಲೂ ಇದೆ. ನಾಗರತ್ನ ಹಳೇಬೀಡಿಗೆ ಸೊಸೆಯಾಗಿ ಹೋದಳು. ಇಷ್ಟೆಲ್ಲ ಪಾಠ ಕಲಿತ ನಾವು ಕಳೆದ ಯುಗಾದಿಯಿಂದ ಮಾತು ಬಿಟ್ಟಿದ್ದೇವೆ. ಕಾರಣ ಘನವಾದದ್ದೇ: ನೆಂಟರ ಮದುವೆಯಲ್ಲಿ ಅವಳು ನನ್ನನ್ನು ಬಿಟ್ಟು ಮೊದಲ ಪಂಕ್ತಿಗೆ ಕೂತಳು. ಹಟದಲ್ಲಿ ಇಬ್ಬರದೂ ಒಂದೇ ರಕ್ತ. ಅವಳಿಲ್ಲದ ಈ ತಿಂಗಳುಗಳು ಸಪ್ಪೆಯಾಗಿದ್ದವು ಎಂದು ನಿಮಗಾದರೂ ಹೇಳಿಬಿಡುತ್ತೇನೆ.

ಅಷ್ಟರಲ್ಲಿ ಆಟೋ ಬಂತು. ಆಫೀಸು ಎನ್ನಬೇಕಾದವಳು ಬಸ್ ಸ್ಟ್ಯಾಂಡ್ ಎಂದೆ. ಹಳೇಬೀಡಿನ ಬಸ್ಸಿನಲ್ಲಿ ಕೂತು, ರಜೆ ಹೇಳಿ, ಅವಳಿಗೆ ಫೋನು ಮಾಡಿದೆ.

"ಏನು?" ಎಂದಳು ಬಿಗಿಯಾಗಿ.

"ಬಸ್ಸು ಓಡಾಡ್ತಾ ಐತೆ ಕಣೇ."



"ಎಷ್ಟೊತ್ತಿಗೆ ಬತ್ತೀಯ ಹೇಳು," ಎಂದಳು, "ರೊಟ್ಟಿಗೆ ಹಿಟ್ಟು ಕಲಸ್ತೀನಿ."