ಒಳಬದಿ ಸವೆದ ಟಯರು

ಗಂಗೊಳ್ಳಿ ಬಂದರಿನಲ್ಲಿ ನಾನು ಮೀನು ಖರೀದಿ ಮಾಡುತ್ತೇನೆ. ಅದನ್ನು ಲಾರಿಯಲ್ಲಿ ಸಾಗಿಸುವವರು ನನ್ನ ಗಂಡ ಮತ್ತು ನನ್ನ ಅಣ್ಣ. ಲಾರಿ ಇಬ್ಬರದೂ ಹೌದು. ಗಂಡ ಕೇರಳಕ್ಕೆ ಹೋಗಿ ಬಂದರೆ ಅಣ್ಣ ಗೋವಾಕ್ಕೆ ಹೊರಡುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆದರೂ ಭಾವ-ಭಾವಂದಿರ ನಡುವೆ ಒಂದು ಗಡಸು ಮಾತು ಬಂದದ್ದಿಲ್ಲ. ಬಂದದ್ದು ಮುಂದಿನ ಎಡ ಟಯರಿನಿಂದ.

ಆ ಟಯರು ಹಾಕಿ ಹೆಚ್ಚು ಕಾಲ ಆಗಿರಲಿಲ್ಲ. ಹೊರಬದಿಯ ಗೆರೆಗಳು ಇನ್ನೂ ಆಳವಾಗಿದ್ದವು, ಒಳಬದಿ ಮಾತ್ರ ಬೋಳು. ಚಕ್ರದ ಒಳಮಗ್ಗುಲನ್ನು ಬಗ್ಗಿ ನೋಡುವವರು ಯಾರು? ಉರುಳಿಹೋದ ನೀರಿನ ಬಾಟಲಿ ಹೆಕ್ಕಲು ಬಗ್ಗಿದಾಗ ಅಣ್ಣನ ಕಣ್ಣಿಗೆ ಬಿತ್ತು.

"ನಿನ್ನ ಗಂಡಂಗೆ ಹೇಳ್, ತಿರುವಂಗೆ ಒಂಚೂರ್ ನಿಧಾನ ಹೋಯ್ಕ್ ಅಂದೇಳಿ," ಎಂದ ನನ್ನ ಹತ್ತಿರ. ಗಂಡ ಅಲ್ಲೇ ಮಂಜುಗಡ್ಡೆ ತುಂಬಿಸುತ್ತಿದ್ದರು.

"ಹೊಂಡ ಕಂಡ್ರೂ ಬ್ರೇಕ್ ಹಿಡೀದೆ ಹಾರ್ಸುದ್ ಯಾರ್ ಅಂದೇಳಿ ನಿನ್ನ ಅಣ್ಣನ್ನೇ ಕೇಣ್," ಎಂದರು ಅವರು, ತಿರುಗಿಯೂ ನೋಡದೆ.

ಅಲ್ಲಿಗೆ ಅವರಿಬ್ಬರ ನಡುವೆ ಮಾತು ನಿಂತಿತು. ಲಾರಿಯ ಚಾವಿ ಕೂಡ ನನ್ನ ಕೈ ದಾಟಿಯೇ ಒಬ್ಬರಿಂದ ಒಬ್ಬರಿಗೆ ಹೋಗಬೇಕಾಯಿತು. ಅಣ್ಣ ಕಿರಿಮಂಜೇಶ್ವರದ ತನ್ನ ಮನೆಯಿಂದ ಬಸ್ಸಿನಲ್ಲಿ ಬಂದು, ಚಾ ಕೂಡ ಕುಡಿಯದೆ ಲಾರಿ ಹತ್ತಿ ಹೋಗುತ್ತಿದ್ದ.

ಟಯರು ಬದಲಾಯಿಸಿದೆವು. ಬ್ರಹ್ಮಾವರದಲ್ಲಿ ಚಕ್ರಗಳನ್ನು ನೇರಕ್ಕೆ ತರುವ ಅಲೈನ್‌ಮೆಂಟ್ ಮಾಡಿಸಿದೆವು. ಗಾಳಿ ಸರಿಯಾಗಿಯೇ ಇತ್ತು. ಆದರೂ ಹೊಸದರ ಒಳಬದಿ ಸವೆಯಲು ಶುರುವಾಯಿತು. ಆ ನಡುವೆ ಅಣ್ಣ ಜ್ವರ ಬಂದು ಮಲಗಿದ, ಲಾರಿಯನ್ನು ಗಂಡ ಒಬ್ಬರೇ ಓಡಿಸಿದರು. ಸವೆತ ನಿಲ್ಲಲಿಲ್ಲ. ಆಮೇಲೆ ಗಂಡನ ಸೊಂಟ ಹಿಡಿದುಕೊಂಡು ಅಣ್ಣನೇ ಓಡಿಸಿದ. ಆಗಲೂ ನಿಲ್ಲಲಿಲ್ಲ.

ಒಂದು ಭಾನುವಾರ ಇಬ್ಬರೂ ಅಂಗಳದಲ್ಲಿದ್ದಾಗ ನಾನು ಬಾಯಿಬಿಟ್ಟೆ. "ತೆಂಕ ಕೇರಳಕ್ಕ್ ಹೋರೂ ಟಯರ್ ತಿಂತ್, ಬಡಗ ಗೋವಾಕ್ಕ್ ಹೋರೂ ತಿಂತ್. ಅಂದ್ರೆ ತಪ್ಪು ನಿಮ್ಮ್ ಕೈದಲ್ಲ, ಲಾರಿದೇ. ಜಾಕ್ ತೆಗಿನಿ. ಎಂತ ಅಂತ ಕಾಣ್ದೆ ಯಾರಿಗೂ ಊಟ ಇಲ್ಲೆ!"

ಇಬ್ಬರೂ ಎದ್ದರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟರು. ಗಂಡ ಟಯರಿನ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿದರು. ಟಕ್, ಟಕ್.

"ಬೇರಿಂಗ್ ಸಡ್ಲ ಆಯ್ತ್ ಕಾಂತ್, ಭಾವ," ಎಂದರು. ಎಷ್ಟೋ ದಿನಗಳ ಮೇಲೆ ನೇರ ಅಣ್ಣನಿಗೇ ಹೇಳಿದ ಮಾತು.

"ಬೇರಿಂಗೋ ಕಿಂಗ್‌ಪಿನ್ನೋ, ಬ್ರೇಕ್ ಒತ್ತಿ ಕಾಂಬ," ಎಂದ ಅಣ್ಣ ಟಾರ್ಚ್ ಹಿಡಿದು ಕೆಳಗೆ ನುಸುಳುತ್ತ. ಆಮೇಲೆ ನನಗೆ, "ಹತ್ತ್ ಹೆಣೆ, ನೀನೇ ಒತ್ತ್," ಎಂದ.

ಡ್ರೈವರ್ ಸೀಟಿನಲ್ಲಿ ನಾನು ಕುಳಿತದ್ದು ಅದೇ ಮೊದಲು. ಕಾಲು ಎಟುಕದೆ ಸೀಟಿನ ಅಂಚಿಗೆ ಜಾರಿ, ಮೈಭಾರವೆಲ್ಲ ಬ್ರೇಕಿನ ಮೇಲೆ ಹಾಕಿದೆ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್‌ಪಿನ್ನಿನದು, ಅಂದರೆ ಚಕ್ರ ಎಡಕ್ಕೂ ಬಲಕ್ಕೂ ತಿರುಗಲು ಆಧಾರವಾದ ದಪ್ಪ ಕಬ್ಬಿಣದ ಗೂಟದ್ದು.

"ಒತ್ತಿದ್ಯಾ?"

"ಒತ್ತಿದೆ!"

ಗಂಡ ಮತ್ತೆ ಚಕ್ರ ಅಲುಗಿಸಿದರು. ಟಕ್. ಸದ್ದು ಹಾಗೇ ಇತ್ತು.

"ಭಾವ, ಇಲ್ಲ್ ಬನಿ, ಇದನ್ನ್ ಕಾಣಿ," ಎಂದು ಅಣ್ಣ ಕೆಳಗಿಂದ ಕೂಗಿದ. ಗಂಡನೂ ಮಲಗಿ ನುಸುಳಿದರು. ಸೀಟಿನಿಂದ ನನಗೆ ಕಾಣುತ್ತಿದ್ದದ್ದು ನಾಲ್ಕು ಪಾದ ಮಾತ್ರ. ಮಾತು ಮಾತ್ರ ನಿಲ್ಲುತ್ತಲೇ ಇರಲಿಲ್ಲ.

ಆ ಗೂಟದ ಕೆಳತುದಿಗೆ ಗ್ರೀಸ್ ಹಾಕುವ ತೂತು ಉಪ್ಪು, ಮರಳು ಕೂತು ಮುಚ್ಚಿಹೋಗಿತ್ತು. ಬಂದರಿನ ನೀರು, ಮೀನಿನ ನೀರು ಎಲ್ಲ ಸೋರಿದ್ದು ಅಲ್ಲಿಗೇ. ಪ್ರತಿಸಲ ಗ್ರೀಸ್ ಹೊಡೆದಾಗ ಮೇಲಿನಿಂದ ಉಕ್ಕುವುದನ್ನು ಕಂಡು ಎಲ್ಲರಿಗೂ ಸಮಾಧಾನ. ಗೂಟವನ್ನು ಸುತ್ತ ಹಿಡಿದಿಡುವ ಬಳೆ, ಕೆಳಗಿನ ಬುಶ್, ಒಣಗಿ ಸವೆದಿತ್ತು. ಲೋಡು ಬಿದ್ದ ಕೂಡಲೇ ಚಕ್ರದ ತಲೆ ಒಳಕ್ಕೆ ವಾಲಿ, ಒಳಬದಿಯೇ ರಸ್ತೆಗೆ ಉಜ್ಜುತ್ತಿತ್ತು. ಅಂಥ ಸಡಿಲ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ನಿಲ್ಲುವುದಾದರೂ ಹೇಗೆ?

ಆ ದಿನ ಊಟವಾಗುವಾಗ ಹೊತ್ತು ಇಳಿದಿತ್ತು. ಬಂಗುಡೆ ಸಾರು ಬಡಿಸುತ್ತ ಕೇಳಿಸಿಕೊಂಡೆ: ಕೇರಳದ ರಸ್ತೆ ಕೆಟ್ಟದ್ದೋ ಗೋವಾದ್ದೋ ಎಂದು ಇಬ್ಬರಿಗೂ ಜೋರು ವಾದ. ಮಧ್ಯದಲ್ಲಿ ನಾನು ಬೇಕಿರಲಿಲ್ಲ.

ಕುಂದಾಪುರದಲ್ಲಿ ಹೊಸ ಪಿನ್ನು, ಬುಶ್ ಹಾಕಿಸಿ, ಆಮೇಲೆ ಮತ್ತೆ ಅಲೈನ್‌ಮೆಂಟ್ ಮಾಡಿಸಿದೆವು. ಈಗ ಬಂದರಿನಿಂದ ಬಂದ ಲಾರಿಯ ಅಡಿಗೆ ಸಿಹಿನೀರು ಹೊಡೆಯುತ್ತೇವೆ. ಚಕ್ರ ಎತ್ತಿ, ಭಾರ ತೆಗೆದು, ಹಳೆಯ ಕಪ್ಪು ಗ್ರೀಸ್ ಮೇಲೂ ಕೆಳಗೂ ಹೊರಬರುವವರೆಗೆ ಹೊಸದನ್ನು ಒತ್ತುತ್ತೇವೆ. ಗಾಳಿ ನೋಡುವುದು ಬೆಳಿಗ್ಗೆ, ಟಯರು ತಣ್ಣಗಿರುವಾಗ. ಟಯರಿನ ಅಡ್ಡಕ್ಕೆ ಅಂಗೈ ಆಡಿಸಿ ನೋಡುವ ಕೆಲಸ ನನ್ನದು.

ಮೊನ್ನೆ ಹಾಗೆ ನೋಡಿ, "ಒಂದೇ ಸಮ ಇತ್ತ್," ಎಂದೆ. ಇಬ್ಬರೂ ನಂಬದೆ ಒಟ್ಟಿಗೇ ಬಗ್ಗಿದರು. ತಲೆಗೆ ತಲೆ ಡಿಕ್ಕಿ ಹೊಡೆಯಿತು. ಅಣ್ಣ ಹಣೆ ಉಜ್ಜಿಕೊಳ್ಳುತ್ತಲೇ ಲಾರಿ ಹತ್ತಿದ. ಗಂಡ ನಗು ತಡೆದುಕೊಂಡು ಬಾಗಿಲು ಹಾಕಿ, "ಗೋವಾ ಮುಟ್ಟಿದ್ ಮೇಲೆ ಫೋನ್ ಮಾಡಿ, ಭಾವ," ಎಂದರು.